ಇಂಜಿನ್‌ಗಳು ಸುಮ್ಮನಾದ ಚಳಿಗಾಲ

ಹೋದ ಡಿಸೆಂಬರಿನಲ್ಲಿ ನಾದಿನಿಯ ಮಗಳ ಸೀಮಂತಕ್ಕೆಂದು ಸಾನಪಾಡಾಕ್ಕೆ ಹೋಗಿದ್ದೆ. ಸ್ಟೇಷನ್ನಿನಿಂದ ರಿಕ್ಷಾ ಹಿಡಿಯದೆ ನಡೆದೇ ಹೊರಟೆ. ತಿರುವಿನಲ್ಲಿ ಒಂದು ನೀರಿನ ಟ್ಯಾಂಕರ್ ರಸ್ತೆ ಬದಿಗೆ ನಿಂತು ಗುರ್ರೆನ್ನುತ್ತಿತ್ತು. ಡ್ರೈವರ್ ಎಲ್ಲೂ ಕಾಣಲಿಲ್ಲ. ಡೀಸೆಲ್ ಹೊಗೆ ಮೂಗಿಗೆ ಬಡಿದದ್ದೇ ತಡ, ನನ್ನ ಬಲಗೈ ತಾನಾಗಿ ಮುಂದೆ ಚಾಚಿತು, ಕಿಟಕಿಯ ಬಾಗಿಲು ಎಳೆದು ಮುಚ್ಚುವವರ ಹಾಗೆ. ನಡುರಸ್ತೆಯಲ್ಲಿ ಕಿಟಕಿ ಎಲ್ಲಿಂದ ಬರಬೇಕು? ಎದುರಿಗೆ ಬರುತ್ತಿದ್ದ ಹುಡುಗಿ ನನ್ನನ್ನು ವಿಚಿತ್ರವಾಗಿ ನೋಡಿ ಹೋದಳು. ಒಂಬತ್ತು ವರ್ಷ ಅದೇ ಬಡಾವಣೆಯ ಒಂದು ಮರಾಠಿ ಪ್ರಾಥಮಿಕ ಶಾಲೆಯಲ್ಲಿ ಒಂದನೇ ತರಗತಿಗೆ ಪಾಠ ಮಾಡಿದವಳು ನಾನು. ಮೈ ಅದನ್ನು ಮರೆತಿರಲಿಲ್ಲ.

ಅಪ್ಪ ಕಾರ್ಕಳದ ಕಡೆಯಿಂದ ಬಂದು ಡೊಂಬಿವಲಿಯ ಹೋಟೆಲೊಂದರ ಗಲ್ಲೆಯ ಮೇಲೆ ಕೂತು ನಮ್ಮನ್ನು ಸಾಕಿದವರು. ಮನೆಯಲ್ಲಿ ತುಳು, ಶಾಲೆಯಲ್ಲಿ ಮರಾಠಿ, ಅಮ್ಮನ ಹಟಕ್ಕೆ ಸಂಜೆ ಹೊತ್ತು ಕನ್ನಡದ ಕಾಗುಣಿತ. ಮರಾಠಿಯಲ್ಲೇ ಡಿ.ಎಡ್. ಮುಗಿಸಿದ್ದರಿಂದ ಮರಾಠಿ ಶಾಲೆಯಲ್ಲೇ ಕೆಲಸ ಸಿಕ್ಕಿತು. ದಿನಾ ಬೆಳಿಗ್ಗೆ ಡೊಂಬಿವಲಿಯಿಂದ ಠಾಣೆ, ಅಲ್ಲಿ ಲೋಕಲ್ ಬದಲಿಸಿ ಸಾನಪಾಡಾ. ಏಳೂಕಾಲಿಗೆ ಪ್ರಾರ್ಥನೆ.

ಶಾಲೆಯಲ್ಲಿ ಎರಡು ಪಾಳಿ. ಬೆಳಗಿನ ಮಕ್ಕಳು ಹನ್ನೆರಡೂಕಾಲಿಗೆ ಮನೆಗೆ ಹೊರಡುತ್ತಿದ್ದರು, ಮಧ್ಯಾಹ್ನದವರು ಅದೇ ಹೊತ್ತಿಗೆ ಬಂದಿಳಿಯುತ್ತಿದ್ದರು. ಹಾಗಾಗಿ ಹನ್ನೊಂದೂವರೆ ಆಯಿತೆಂದರೆ ಗೇಟಿನ ಮುಂದೆ ವ್ಯಾನು, ರಿಕ್ಷಾ, ಮಿನಿ ಬಸ್ಸು, ಕಾರು ಎಲ್ಲಾ ಸೇರಿ ಇಪ್ಪತ್ತೈದಾದರೂ ಗಾಡಿಗಳು. ಎಲ್ಲವೂ ನಿಂತಿರುತ್ತಿದ್ದವು, ಎಲ್ಲದರ ಇಂಜಿನ್ನೂ ಓಡುತ್ತಿತ್ತು. ನನ್ನ ತರಗತಿ ಕೆಳಗಿನ ಅಂತಸ್ತಿನಲ್ಲಿ, ಗೇಟಿನ ಪಕ್ಕಕ್ಕೇ. ಕಿಟಕಿಯಿಂದ ಕೈ ಚಾಚಿದರೆ ವ್ಯಾನಿನ ಬೆನ್ನು ಮುಟ್ಟಬಹುದು ಅನ್ನುವಷ್ಟು ಹತ್ತಿರ. ಕಿಟಕಿ ತೆರೆದರೆ ಹೊಗೆ, ಮುಚ್ಚಿದರೆ ನಲವತ್ತೆರಡು ಮಕ್ಕಳ ಬೆವರು. ದಿನದ ಕೊನೆಗೆ ಕಿಟಕಿ ಕಟ್ಟೆ ಒರೆಸಿದರೆ ಬಟ್ಟೆಗೆ ಕಾಡಿಗೆ ಹತ್ತಿದ ಹಾಗೆ ಮಸಿ. ಕೊನೆಯ ಮುಕ್ಕಾಲು ಗಂಟೆ ನಾನು ಪಾಠ ಮಾಡುತ್ತಿರಲಿಲ್ಲ, ಕೂಗುತ್ತಿದ್ದೆ. ಕೂಗುತ್ತಿದ್ದೇನೆ ಅನ್ನುವುದು ನನಗೇ ಗೊತ್ತಿರಲಿಲ್ಲ.

ನವಿ ಮುಂಬೈಯ ಚಳಿ ಅಂದರೆ ಹೊರಗಿನವರು ನಗುತ್ತಾರೆ. ಸ್ವೆಟರ್ ಪೆಟ್ಟಿಗೆಯಿಂದ ಹೊರಗೆ ಬರುವಷ್ಟು ಚಳಿ ಅಲ್ಲಿ ಬೀಳುವುದಿಲ್ಲ. ಆದರೆ ನವೆಂಬರ್ ಬಂತೆಂದರೆ ಖಾಡಿಯ ಹಿನ್ನೀರಿನ ಕಡೆಯಿಂದ ಬರುವ ಗಾಳಿ ಸತ್ತುಹೋಗುತ್ತದೆ. ಕಾರ್ಖಾನೆಗಳ ಹೊಗೆ, ಹೈವೇಯ ಧೂಳು, ರಸ್ತೆ ಬದಿ ಉರಿಸುವ ಕಸದ ವಾಸನೆ ಎಲ್ಲವೂ ಮಂಜಿನ ಜೊತೆ ನೆಲಕ್ಕಿಳಿದು ಕೂತುಬಿಡುತ್ತದೆ. ನಾನು ಹೇಳುತ್ತಿರುವ ವರ್ಷ, ನಾನು ಕೆಲಸಕ್ಕೆ ಸೇರಿ ಆರು ವರ್ಷವಾಗಿದ್ದಾಗ, ಆ ಮಂಜು ದೀಪಾವಳಿ ರಜೆ ಮುಗಿಯುವ ಮೊದಲೇ ಇಳಿದಿತ್ತು. ರಜೆ ಮುಗಿಸಿ ಬಂದ ಮಕ್ಕಳಲ್ಲಿ ಅರ್ಧಕ್ಕರ್ಧ ಕೆಮ್ಮುತ್ತಿದ್ದರು.

ನಾನೇನೂ ಕೈ ಕಟ್ಟಿ ಕೂತಿರಲಿಲ್ಲ. ಮಕ್ಕಳಿಂದ ಚಿತ್ರ ಬರೆಸಿ, 'ಕೃಪಯಾ ಇಂಜಿನ್ ಬಂದ್ ಮಾಡಿ' ಅಂತ ಮೂರು ಭಾಷೆಯಲ್ಲಿ ಬೋರ್ಡು ಮಾಡಿಸಿ ಗೇಟಿಗೆ ತೂಗುಹಾಕಿದ್ದೆ. ಮುಖ್ಯಾಧ್ಯಾಪಕಿಯ ಸಹಿ ಹಾಕಿಸಿ ಪಾಲಕರಿಗೆ ಸುತ್ತೋಲೆ ಕಳಿಸಿದ್ದೆ. ಅವರನ್ನು ನಾವೆಲ್ಲ 'ಮೋಠ್ಯಾ ಬಾಯಿ' ಅನ್ನುತ್ತಿದ್ದೆವು, ದೊಡ್ಡ ಟೀಚರು ಅಂತ. ಅವರ ಮಾತಿನ ಮೇರೆಗೆ ಟ್ರಾಫಿಕ್ ಹವಾಲ್ದಾರರೊಬ್ಬರು ಬಂದು ಎರಡು ದಿನ ಸೀಟಿ ಊದಿದರು. ಆ ಎರಡು ದಿನ ಶಾಂತಿ. ಮೂರನೇ ದಿನ ಬೋರ್ಡಿನ ಕೆಳಗೇ ಒಂದು ಮಿನಿ ಬಸ್ಸು ಮುಕ್ಕಾಲು ಗಂಟೆ ಹೊಗೆ ಬಿಟ್ಟಿತು. ಮಕ್ಕಳು ಬರೆದ ಹಳದಿ ಸೂರ್ಯ ವಾರದೊಳಗೆ ಬೂದು ಬಣ್ಣಕ್ಕೆ ತಿರುಗಿದ. ನಾನು ಸೋತೆ ಅಂತ ಒಪ್ಪಿಕೊಂಡು ಸುಮ್ಮನಾದೆ.

ಗೇಟಿನಲ್ಲಿ ಒಂದು ಕಬ್ಬಿಣದ ಸ್ಟೂಲಿನ ಮೇಲೆ ಕೂರುತ್ತಿದ್ದವಳು ಶರಣಮ್ಮ. ಎಲ್ಲರ ಬಾಯಲ್ಲಿ 'ಮೌಶಿ', ಚಿಕ್ಕಮ್ಮ ಅಂತ. ಕಲಬುರಗಿ ಜಿಲ್ಲೆಯ ಆಳಂದದ ಹತ್ತಿರದ ಹಳ್ಳಿಯವಳು. ಐವತ್ತರ ಮೇಲೆ ವಯಸ್ಸು, ಕಡ್ಡಿಯಂಥ ಮೈ, ಹಣೆ ತುಂಬ ವಿಭೂತಿ. ಗುತ್ತಿಗೆದಾರನೊಬ್ಬ ಅವಳನ್ನು ಶಾಲೆಗೆ ಕಳಿಸಿದ್ದ. ಗೇಟು ತೆಗೆಯುವುದು, ಮುಚ್ಚುವುದು, ಅಂಗಳ ಗುಡಿಸುವುದು, ಮಕ್ಕಳು ಚಡ್ಡಿ ಒದ್ದೆ ಮಾಡಿಕೊಂಡರೆ ತೊಳೆಯುವುದು ಅವಳ ಕೆಲಸ. ಶಾಲೆಯ ಸಿಬ್ಬಂದಿಯಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ. ಅವಳು ನನ್ನನ್ನು 'ಅಕ್ಕೋರ' ಅನ್ನುತ್ತಿದ್ದಳು. ನಿಜ ಹೇಳಬೇಕೆಂದರೆ ಅವಳ ಕನ್ನಡ ನನಗೆ ಅರ್ಧ ತಿಳಿಯುತ್ತಿರಲಿಲ್ಲ, ತಿಳಿದುಕೊಳ್ಳುವ ತಾಳ್ಮೆಯೂ ಇರಲಿಲ್ಲ. ಆರು ವರ್ಷದಲ್ಲಿ ಅವಳ ಜೊತೆ ನಾನು ಆಡಿದ ಮಾತು ಒಂದು ಗಂಟೆಯಷ್ಟೂ ಇರಲಾರದು.

ನವೆಂಬರ್ ಕೊನೆಯ ಒಂದು ಮಧ್ಯಾಹ್ನ. ಕಿಟಕಿ ಪಕ್ಕದ ಬೆಂಚಿನಲ್ಲಿ ಸಾನಿಕಾ ಅನ್ನುವ ಹುಡುಗಿ ಇದ್ದಳು, ಆರು ವರ್ಷ. ಬರೆಯುತ್ತಿದ್ದವಳು ಪೆನ್ಸಿಲ್ ಕೆಳಗಿಟ್ಟು ಎರಡೂ ಅಂಗೈಯನ್ನು ಡೆಸ್ಕಿನ ಮೇಲೆ ಊರಿ ಕೂತಳು. ಭುಜ ಮೇಲೆ ಕೆಳಗೆ ಆಡುತ್ತಿತ್ತು. ಏನಾಯ್ತು ಅಂದರೆ ಉತ್ತರವಿಲ್ಲ. ಬಾಯಿ ತೆರೆದಿತ್ತು, ಮಾತು ಹೊರಡಲು ಬೇಕಾದ ಉಸಿರೇ ಇರಲಿಲ್ಲ. ತುಟಿಯ ಅಂಚು ನೀಲಿಯಾಗಿತ್ತು. ಅವಳಿಗೆ ಉಬ್ಬಸ ಇದೆ, ಬ್ಯಾಗಿನಲ್ಲಿ ಔಷಧದ ಪಂಪು ಇದೆ ಅಂತ ಜೂನ್‌ನಲ್ಲೇ ಅವಳ ತಾಯಿ ಹೇಳಿದ್ದರು. ನಾನು ಬ್ಯಾಗು ಹುಡುಕುತ್ತಿದ್ದೆ, ಕೈಗೆ ಡಬ್ಬಿ ಸಿಗುತ್ತಿತ್ತು, ಪುಸ್ತಕ ಸಿಗುತ್ತಿತ್ತು, ಪಂಪು ಸಿಗುತ್ತಿರಲಿಲ್ಲ. ಅಷ್ಟರಲ್ಲಿ ಶರಣಮ್ಮ ಒಳಗೆ ಬಂದಳು. ಕಿಟಕಿಯಿಂದ ನೋಡಿದ್ದಳೋ ಏನೋ. ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, "ಬ್ಯಾಗ್ ತಗೊಂಡ್ ಬರ್ರಿ ಅಕ್ಕೋರ!" ಅಂತ ಕೂಗಿ ಶಾಲೆಯ ಹಿಂಭಾಗಕ್ಕೆ ಓಡಿದಳು. ಅಲ್ಲಿ ನೀರಿನ ಟಾಕಿಯ ಪಕ್ಕ, ಹೊಗೆ ಬಾರದ ಕಡೆ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೆನ್ನು ನೇರ ಹಿಡಿದಳು. ಪಂಪು ಸಿಕ್ಕಿತು. ಎರಡು ಸಲ ಒತ್ತಿದ ಮೇಲೆ ಮಗುವಿನ ಎದೆಯಲ್ಲಿ ಸಿಳ್ಳೆಯಂಥ ಸದ್ದು ಹುಟ್ಟಿತು. ಆಮೇಲೆ ಅಳು. ಅಷ್ಟು ಸಂತೋಷದಿಂದ ನಾನು ಇನ್ಯಾವ ಮಗುವಿನ ಅಳುವನ್ನೂ ಕೇಳಿಲ್ಲ.

ತಾಯಿ ಬಂದು ಮಗುವನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ನಾನು ಟಾಕಿಯ ಕಟ್ಟೆಯ ಮೇಲೆ ಕುಸಿದು ಕೂತೆ. ಶರಣಮ್ಮ ಎದುರಿಗೆ ನಿಂತಿದ್ದಳು.

"ಅಕ್ಕೋರ, ಒಂದ್ ಮಾತ್ ಕೇಳ್ಲೇನ್ರಿ?"

"ಕೇಳು."

"ಗಾಡಿ ನಿಂತದಲ್ರಿ. ನಿಂತ ಮ್ಯಾಲ ಅದು ಯಾಕ ಓಡ್ತದ?"

ನನಗೆ ನಗು ಬಂತು, ಆಮೇಲೆ ನಾಚಿಕೆ ಆಯಿತು. "ಅವರಿಗೆ ಅಭ್ಯಾಸ. ಹೇಳಿದರೆ ಕೇಳುವುದಿಲ್ಲ," ಅಂದೆ.

"ಯಾಕ ಅಂತ ಕೇಳಿರೇನ್ರಿ?"

ಕೇಳಿರಲಿಲ್ಲ. ಮೂರು ಭಾಷೆಯಲ್ಲಿ ಬೋರ್ಡು ಬರೆದಿದ್ದೆ, ಒಬ್ಬ ಡ್ರೈವರನ ಮುಂದೆ ನಿಂತು ಒಂದು ಮಾತು ಆಡಿರಲಿಲ್ಲ.

ಶರಣಮ್ಮ ನೆಲ ನೋಡುತ್ತ ಹೇಳಿದಳು. ಅವಳ ಗಂಡ ತುರ್ಭೆಯ ಗುಡ್ಡದಾಚೆ ಕಲ್ಲು ಒಡೆಯುವ ಕ್ರಷರಿನಲ್ಲಿ ಹತ್ತು ವರ್ಷ ದುಡಿದವನು. "ಕಡೀಕ ಅಂವ ಹಿಂಗೇ ಕುಂದರ್ತಿದ್ದ. ಎರಡೂ ಕೈ ಊರಿ. ಅಂವಂದು ನಲವತ್ತ ದಾಟಿದ ಮೈ. ಈ ಕೂಸಿಂದು ಇನ್ನಾ ಹಲ್ಲ ಬಿದ್ದಿಲ್ಲ." ಅಷ್ಟೇ ಹೇಳಿ ಗೇಟಿಗೆ ಹೋದಳು. ಮಧ್ಯಾಹ್ನದ ಪಾಳಿಯ ಮಕ್ಕಳು ಬರುವ ಹೊತ್ತಾಗಿತ್ತು.

ಮರುದಿನದಿಂದ ಅವಳು ಗಾಡಿಗಳ ಕಡೆ ಹೋಗಲು ಶುರುಮಾಡಿದಳು. ಕಿಟಕಿಯಿಂದ ನನಗೆ ಕಾಣುತ್ತಿತ್ತು. ಒಂದೊಂದು ಗಾಡಿಯ ಬಾಗಿಲ ಹತ್ತಿರ ನಿಂತು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಮುಖ ಮೇಲೆತ್ತಿ ಏನೋ ಕೇಳುತ್ತಿದ್ದಳು. ಅವಳ ಮರಾಠಿ ಹಿಂದಿ ಕನ್ನಡ ಮೂರೂ ಕಲಸಿದ ಹಿಟ್ಟು. ಕೆಲವರು ನಗುತ್ತಿದ್ದರು, ಕೆಲವರು ಗಾಜು ಏರಿಸುತ್ತಿದ್ದರು. ಗಾಜು ಏರಿಸಿದರೆ ಅವಳು ಮುಂದಿನ ಗಾಡಿಗೆ ಹೋಗುತ್ತಿದ್ದಳು, ನಾಳೆ ಮತ್ತೆ ಅದೇ ಗಾಜಿನ ಮುಂದೆ ಬಂದು ನಿಲ್ಲುತ್ತಿದ್ದಳು. ಬೈದದ್ದು, ಕೈ ಮುಗಿದು ಗೋಗರೆದದ್ದು ನಾನು ಕಾಣೆ. ಒಂದು ವಾರ ಕೇಳಿದ್ದು ಒಂದೇ ಪ್ರಶ್ನೆ: ಯಾಕೆ ಚಾಲೂ ಇಟ್ಟಿದ್ದೀ ದಾದಾ?

ಶನಿವಾರ ನನ್ನ ಹತ್ತಿರ ಬಂದಳು.

"ಮೂರ್ ನಮೂನಿ ಮಂದಿ ಅದಾರ್ರಿ ಅಕ್ಕೋರ. ಒಂದು, ಕಾರಿನ್ಯಾಗ ತಂಪ ಹಚಗೊಂಡ್ ಕುಂತವ್ರು. ಬಿಸಲ ತಡಿಯಂಗಿಲ್ಲ ಅಂತಾರ. ಎರಡು, ಬಾಜೂದವ ಚಾಲೂ ಇಟ್ಟಾನ, ಅದಕ್ಕ ನಾನೂ ಇಟ್ಟೀನಿ ಅನ್ನವ್ರು. ಇವ್ರೇ ಭಾಳ. ಮೂರು, ಪಾಪ, ಬಂದ್ ಮಾಡಿದ್ರ ಮತ್ತ ಚಾಲೂ ಆಗಂಗಿಲ್ಲ. ಬ್ಯಾಟರಿ ಹೋಗ್ಯಾದ."

ಓದು ಬರಹ ಬಾರದ ಹೆಂಗಸು ಆರು ದಿನದಲ್ಲಿ ಇಡೀ ರಸ್ತೆಯನ್ನು ಓದಿ ಮುಗಿಸಿದ್ದಳು.

ಅಲ್ಲಿಂದ ಮುಂದೆ ಒಂದೊಂದೇ. ಕಂಪೌಂಡಿನ ಒಳಗೆ ಆಲದ ಮರದ ಕೆಳಗೆ ಹಳೆಯ ಬೆಂಚುಗಳು ಬಿದ್ದಿದ್ದವು. ಕಾರಿನವರು ಅಲ್ಲಿ ನೆರಳಿಗೆ ಕೂರಬಹುದೇ ಅಂತ ನಾನು ಮೋಠ್ಯಾ ಬಾಯಿಯನ್ನು ಕೇಳಿದೆ. ಮೊದಲು ಬೇಡ ಅಂದರು, ಆಮೇಲೆ ಹನ್ನೊಂದೂವರೆಯ ನಂತರ ಅಂತ ಷರತ್ತು ಹಾಕಿ ಒಪ್ಪಿದರು. ಶರಣಮ್ಮ ಬೆಂಚು ತೊಳೆದು, ಮಣ್ಣಿನ ಗಡಿಗೆಯಲ್ಲಿ ನೀರು ತುಂಬಿಟ್ಟಳು. ನಾಲ್ಕು ತಾಯಂದಿರು ಬಂದು ಕೂತರು. ಎಂಟಾದರು. ಕೂತವರ ಕಾರು ಹೊರಗೆ ಸುಮ್ಮನಿರುತ್ತಿತ್ತು. ಬಾಜೂದವನನ್ನು ನೋಡಿ ಇಟ್ಟವರು ಬಾಜೂದವನನ್ನು ನೋಡಿಯೇ ಆರಿಸಿದರು. ಡಿಸೆಂಬರ್ ಅರ್ಧವಾಗುವಷ್ಟರಲ್ಲಿ ಉಳಿದದ್ದು ನಾಲ್ಕೈದು ಹಳೆಯ ಡೀಸೆಲ್ ವ್ಯಾನುಗಳು. ಅತಿ ಹೆಚ್ಚು ಹೊಗೆ ಅವುಗಳದ್ದೇ.

ಅದರಲ್ಲೊಂದು ಸದಾನಂದಣ್ಣನದ್ದು. ಮೂಲ್ಕಿಯವರು, ಮೊದಲು ಹೋಟೆಲಿನಲ್ಲಿದ್ದು ಆಮೇಲೆ ಶಾಲೆಯ ವ್ಯಾನು ಓಡಿಸುತ್ತಿದ್ದವರು. ನಮ್ಮ ಊರ ಕಡೆಯವರು ಅನ್ನುವ ಸಲಿಗೆಯಿಂದ ಕಿಟಕಿಗೇ ಬಂದು ನನಗೆ ದೂರು ಹೇಳಿದರು.

"ಎಂತ ಟೀಚರೇ ಇದು? ನಿಮ್ಮ ಮೌಶಿ ದಿನಾ ಬಂದು ತಲೆ ತಿನ್ನುದು. ಒಮ್ಮೆ ಬಂದ್ ಮಾಡಿದ್ರೆ ಈ ಗಾಡಿ ಮತ್ತೆ ಸ್ಟಾರ್ಟ್ ಆಗ್ಲಿಕ್ಕಿಲ್ಲ ಮಾರಾಯ್ರೆ. ಮಕ್ಕಳನ್ನು ಎತ್ತಿಕೊಂಡು ಹೋಗ್ಲಾ ನಾನು?"

ಪಕ್ಕದಲ್ಲೇ ನಿಂತಿದ್ದ ಶರಣಮ್ಮ, "ಬಂದ್ ಮಾಡ್ರಿ ಅಣ್ಣಾರ. ಚಾಲೂ ಆಗ್ಲಿಲ್ಲಂದ್ರ ನಾ ದೂಡ್ತೀನಿ," ಅಂದಳು.

ಸದಾನಂದಣ್ಣ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿ ನಕ್ಕರು. "ನೀವಾ? ಈ ಗಾಡಿಯನ್ನಾ?"

"ಇದಕ್ಕಿಂತ ಭಾರ ಹೊತ್ತೀನ್ರಿ. ಆ ಬಿಲ್ಡಿಂಗ್ ಕಾಣ್ತದಲ್ರಿ, ಅದರ ಒಂಬತ್ತನೇ ಮಾಳಗಿ ತನಕ ಸಿಮೆಂಟ್ ಹೊತ್ತಾಕಿ ನಾ." ರಸ್ತೆಯ ಆಚೆಯ ಗೋಪುರದಂಥ ಕಟ್ಟಡದ ಕಡೆ ಗದ್ದ ಎತ್ತಿ ತೋರಿಸಿದಳು.

ಅವರು ಹಟಕ್ಕೆ ಬಿದ್ದು ಕೀ ತಿರುಗಿಸಿದರು. ವ್ಯಾನು ಎರಡು ಸಲ ಕುಲುಕಿ ಸುಮ್ಮನಾಯಿತು.

ಹನ್ನೆರಡೂಕಾಲಿಗೆ ಗಂಟೆ ಹೊಡೆಯಿತು. ಸದಾನಂದಣ್ಣ ಸೀಟಿಗೆ ಹತ್ತಿ ಕೀ ತಿರುಗಿಸಿದರು. ಕರ್ರ್ ಕರ್ರ್ ಅಂದಿತು, ಅಷ್ಟೇ. "ನಾನು ಹೇಳಿದ್ದಲ್ವಾ!" ಅಂತ ಸ್ಟೇರಿಂಗಿಗೆ ಹೊಡೆದರು. ಶರಣಮ್ಮ ಮಕ್ಕಳನ್ನೆಲ್ಲ ಗೇಟಿನ ಒಳಗೆ ಸಾಲಾಗಿ ನಿಲ್ಲಿಸಿ ಸರಪಳಿ ಹಾಕಿದಳು. ಸೀರೆಯ ಕಚ್ಚೆ ಬಿಗಿದಳು. ವ್ಯಾನಿನ ಹಿಂದೆ ಹೋಗಿ, ಚಪ್ಪಲಿ ಬಿಟ್ಟು, ಬರಿಗಾಲನ್ನು ಡಾಂಬರಿಗೆ ಊರಿ, ಎಡಭುಜವನ್ನು ತಗಡಿಗೆ ಕೊಟ್ಟಳು.

ನಾನು ಕಿಟಕಿಯಲ್ಲಿ ನಿಂತು ನೋಡಿದ್ದು ಇಂದಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೊದಲು ಏನೂ ಆಗಲಿಲ್ಲ. ಅವಳ ಕುತ್ತಿಗೆಯ ನರ ಹಗ್ಗದ ಹಾಗೆ ಎದ್ದಿತು. ಮೀನಖಂಡ ಕಲ್ಲಾಯಿತು. ಆಮೇಲೆ ವ್ಯಾನಿನ ಹಿಂದಿನ ಚಕ್ರ ಒಂದು ಗೇಣು ಉರುಳಿತು. ಇನ್ನೊಂದು ಗೇಣು. ನನಗೆ ತಡೆಯಲಾಗಲಿಲ್ಲ. ಓಡಿ ಹೋಗಿ ಅವಳ ಪಕ್ಕದಲ್ಲಿ ನಿಂತು ಕೈ ಕೊಟ್ಟೆ. ನನ್ನ ಬಲ ಅಲ್ಲಿ ಯಾವ ಲೆಕ್ಕಕ್ಕೂ ಇರಲಿಲ್ಲ ಅಂತ ಕೈಗೇ ತಿಳಿಯುತ್ತಿತ್ತು. ಗಾಡಿ ಹೋಗುತ್ತಿದ್ದದ್ದು ಅವಳಿಂದ. ಇಬ್ಬರು ರಿಕ್ಷಾದವರು ಬಂದು ಸೇರಿದರು. ವ್ಯಾನು ಓಟ ಹಿಡಿದು, ಧಡಕ್ಕನೆ ಜಗ್ಗಿ, ಸ್ಟಾರ್ಟಾಯಿತು. ಗೇಟಿನ ಒಳಗಿದ್ದ ಮಕ್ಕಳು ಕಿರುಚಿದ ಕಿರುಚಾಟಕ್ಕೆ ಮೋಠ್ಯಾ ಬಾಯಿ ಮೇಲಿನ ಮಹಡಿಯಿಂದ ಇಣುಕಿದರು.

ಸದಾನಂದಣ್ಣ ಇಳಿದು ಬಂದರು. ಮುಖ ಕೆಂಪಾಗಿತ್ತು. "ನಾಳೆ ಬ್ಯಾಟರಿ ಚಾರ್ಜಿಗೆ ಹಾಕ್ತೇನೆ," ಅಂದರು, ಯಾರನ್ನೂ ನೋಡದೆ. ಚಾರ್ಜು ಮಾಡಿಸಿದರೂ ಆ ಗಾಡಿ ಎರಡು ದಿನಕ್ಕೊಮ್ಮೆ ಕೈಕೊಡುತ್ತಿತ್ತು. ಆಗೆಲ್ಲ ಶರಣಮ್ಮ ಭುಜ ಕೊಟ್ಟಳು. ಉಳಿದ ವ್ಯಾನಿನವರೂ ಆರಿಸಿದರು, ಅವಕ್ಕೂ ಕೊಟ್ಟಳು. ಡಿಸೆಂಬರ್ ಮುಗಿಯುವವರೆಗೆ ಹೀಗೇ. ಒಂದು ದಿನ ಅವಳ ರವಿಕೆಯ ತೋಳಿನ ಕೆಳಗೆ ನೀಲಿಗಟ್ಟಿದ್ದು ಕಂಡು, "ಸಾಕು ಶರಣಮ್ಮ," ಅಂದೆ. "ಇದ್ ಮಾಯ್ತದ್ರಿ," ಅಂದಳು.

ಜನವರಿಯ ಮೊದಲ ವಾರ. ನಾನು ಎರಡರ ಮಗ್ಗಿ ಹೇಳಿಸುತ್ತಿದ್ದೆ. ಬೇ ಏಕೆ ಬೇ, ಬೇ ದುಣೆ ಚಾರ್. ಮಕ್ಕಳು ಹೇಳುತ್ತಿದ್ದರು, ನನಗೆ ಏನೋ ತಪ್ಪಿದ ಹಾಗೆ ಅನ್ನಿಸಿತು. ಗಡಿಯಾರ ನೋಡಿದೆ. ಹನ್ನೆರಡು ಕಳೆದಿತ್ತು. ಹೊರಗೆ ನೋಡಿದೆ. ಗಾಡಿಗಳೆಲ್ಲ ಬಂದು ನಿಂತಿದ್ದವು, ಆ ತುದಿಯಿಂದ ಈ ತುದಿವರೆಗೆ. ಒಂದರಲ್ಲೂ ಸದ್ದಿಲ್ಲ. ಆಗ ನನಗೆ ನನ್ನ ದನಿ ಕೇಳಿಸಿತು, ಕೂಗುತ್ತಿದ್ದ ದನಿ. ನಾಚಿಕೊಂಡು ಅದನ್ನು ಇಳಿಸಿದೆ. ಇನ್ನೂ ಇಳಿಸಿದೆ. ಮನೆಯಲ್ಲಿ ಮಾತಾಡುವ ದನಿಯಲ್ಲಿ "ಬೇ ತ್ರಿಕ್?" ಅಂದೆ, ಎರಡು ಮೂರಲೆ ಎಷ್ಟು ಅಂತ. ಹಿಂದಿನ ಬೆಂಚಿನವರೆಗೆ ಕೇಳಿಸಿತು. ನಲವತ್ತೆರಡು ಮಕ್ಕಳು "ಸಹಾ" ಅಂದರು.

ಹೊರಗೆ ರಿಕ್ಷಾಕ್ಕೆ ಒರಗಿ ನಿಂತಿದ್ದ ಒಬ್ಬ ಬಿಳಿ ಗಡ್ಡದವನು ತಲೆಯೆತ್ತಿದ. ಅವನ ತುಟಿ ಆಡುತ್ತಿತ್ತು. ಮಕ್ಕಳ ಜೊತೆಗೇ ಮಗ್ಗಿ ಹೇಳುತ್ತಿದ್ದ. ಇನ್ನೊಬ್ಬ ತನ್ನ ಸ್ಟೇರಿಂಗಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದ. ಎಷ್ಟೋ ವರ್ಷದಿಂದ ಈ ಮಕ್ಕಳನ್ನು ಬಿಸಿಲು ಮಳೆ ಎನ್ನದೆ ತಂದು ಬಿಟ್ಟವರು, ಒಳಗೆ ಅವರು ಏನು ಕಲಿಯುತ್ತಾರೆ ಅನ್ನುವುದನ್ನು ಮೊದಲ ಸಲ ಕೇಳುತ್ತಿದ್ದರು. ಆಲದ ಮರದಲ್ಲಿ ಯಾವುದೋ ಹಕ್ಕಿ ತಾಮ್ರ ಬಡಿದ ಹಾಗೆ ಟುಕ್ ಟುಕ್ ಅನ್ನುತ್ತಿತ್ತು. ಆರು ವರ್ಷ ಅದೂ ಅಲ್ಲೇ ಕೂಗಿರಬೇಕು. ನನಗೆ ಕೇಳಿಸಿರಲಿಲ್ಲ. ಹತ್ತರವರೆಗೆ ಹೇಳಿಸಬೇಕಾದ ಮಗ್ಗಿಯನ್ನು ಮರೆತು ನಾನು ಕಿಟಕಿಗೆ ಕೈ ಕೊಟ್ಟು ನಿಂತೆ. ಗೇಟಿನ ಹತ್ತಿರ ಶರಣಮ್ಮ ಕೂಡ ನಿಂತಿದ್ದಳು, ಕತ್ತು ಸ್ವಲ್ಪ ವಾಲಿಸಿ, ಗುಡಿಯಲ್ಲಿ ನಿಂತವರ ಹಾಗೆ.

ಆದರೆ ಅದೇ ತಿಂಗಳು ದೂರು ಬಂತು. ಮಧ್ಯಾಹ್ನದ ಪಾಳಿಯ ಒಬ್ಬ ಹುಡುಗನ ತಾಯಿ ಬಾಣಂತನ ಮುಗಿಸಿ ದೊಡ್ಡ ಬೂದು ಬಣ್ಣದ ಕಾರಿನಲ್ಲಿ ಬರತೊಡಗಿದ್ದರು, ಮಡಿಲಲ್ಲಿ ನಾಲ್ಕು ತಿಂಗಳ ಕೂಸು. ಹಾಲು ಕುಡಿಸಬೇಕು, ಬೆಂಚಿನ ಮೇಲೆ ಎಲ್ಲರ ಎದುರು ಹೇಗೆ ಕೂರುವುದು? ಶರಣಮ್ಮ ದಿನಾ ಗಾಜಿನ ಹತ್ತಿರ ಬಂದು ನಿಲ್ಲುವುದು ಅವರಿಗೆ ಹಿಂಸೆಯಾಗಿತ್ತು. ಶಾಲೆ ನಡೆಸುವ ಟ್ರಸ್ಟಿನವರಿಗೇ ಬರೆದರು, ಗೇಟಿನ ಹೆಂಗಸು ಪಾಲಕರಿಗೆ ತೊಂದರೆ ಕೊಡುತ್ತಾಳೆ ಅಂತ.

ಮೋಠ್ಯಾ ಬಾಯಿ ನಮ್ಮಿಬ್ಬರನ್ನೂ ಕರೆದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

"ಮೌಶಿ, ನಾಳೆಯಿಂದ ನೀವು ಸ್ಟೂಲ್ ಬಿಟ್ಟು ಏಳಬಾರದು. ಗಾಡಿಗಳ ಹತ್ತಿರ ಹೋಗಕೂಡದು. ಇನ್ನೊಂದು ದೂರು ಬಂದರೆ ಗುತ್ತಿಗೆದಾರ ನಿಮ್ಮನ್ನು ಬದಲಾಯಿಸುತ್ತಾನೆ. ನನ್ನ ಕೈಯಲ್ಲಿ ಏನೂ ಇರುವುದಿಲ್ಲ."

ಅದನ್ನು ನಾನು ಅವಳಿಗೆ ಕನ್ನಡದಲ್ಲಿ ಹೇಳಬೇಕಾಗಿ ಬಂತು. ಆ ಕೆಲಸದ ಮೇಲೆ ಅವಳ ಮನೆ ನಿಂತಿತ್ತು. ಮಗಳು ವಿಠ್ಠಲವಾಡಿಯಲ್ಲಿ ಸಂಸಾರ ಮಾಡಿಕೊಂಡು ಕಷ್ಟದಲ್ಲಿದ್ದಳು, ಮೊಮ್ಮಕ್ಕಳಲ್ಲಿ ಒಬ್ಬಳು ಇವಳ ಜೊತೆಗೇ ಇದ್ದಳು. ಶರಣಮ್ಮ ಕೇಳಿಸಿಕೊಂಡು ತಲೆಯಾಡಿಸಿದಳು. ಹೊರಗೆ ಬಂದ ಮೇಲೆ, "ಆ ತಾಯೀದೂ ಖರೇ ಅದ ಅಕ್ಕೋರ. ಕೂಸಿಗಿ ಮಲಿ ಕೊಡೂ ಮುಂದ ನಾ ಹೋಗಿ ನಿಂತ್ರ ಹ್ಯಾಂಗ?" ಅಂದಳು. ಅವಳ ಬದಲಿಗೆ ನಾನು ಸಿಟ್ಟು ಮಾಡಿಕೊಂಡಿದ್ದೆ. ಆ ಸಿಟ್ಟೂ ಉಳಿಯಲಿಲ್ಲ.

ಮರುದಿನ ಹನ್ನೊಂದೂವರೆಗೆ ನನ್ನ ಕಿವಿಯೆಲ್ಲ ಹೊರಗೇ ಇತ್ತು. ಶರಣಮ್ಮ ಸ್ಟೂಲಿನ ಮೇಲೆ ಕೈ ಮಡಚಿ ಕೂತಿದ್ದಳು, ಅಪ್ಪಣೆಯಂತೆ. ಮೊದಲ ಮಿನಿ ಬಸ್ಸು ಬಂತು. ಇನ್ನು ಶುರುವಾಯಿತು ಅಂದುಕೊಂಡೆ. ಬಸ್ಸು ನಿಂತಿತು, ಇಂಜಿನ್ ನಿಂತಿತು. ಎರಡನೆಯದು ಬಂತು, ನಿಂತಿತು, ಸುಮ್ಮನಾಯಿತು. ಮೂರು. ನಾಲ್ಕು. ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಶರಣಮ್ಮ ಕೂತಲ್ಲಿಂದ ಕದಲಲಿಲ್ಲ. ಒಂದೊಂದೇ ಗಾಡಿ ಬಂದು ಅವಳ ಮುಂದೆ ಬಾಯಿ ಮುಚ್ಚಿಕೊಂಡು ನಿಲ್ಲುತ್ತಿತ್ತು. ಸದಾನಂದಣ್ಣನ ವ್ಯಾನು ಬಂತು. ಎರಡು ಸಲ ಕುಲುಕಿ ಅದೂ ನಿಂತಿತು. ಪಾಠ ಹೇಳಲಾಗದೆ ಮಕ್ಕಳಿಗೆ ಚಿತ್ರ ಬರೆಯಿರಿ ಅಂದೆ.

ಕೊನೆಗೆ ಬೂದು ಕಾರು ಬಂದು ನಿಂತಿತು. ಅದರದ್ದು ಮಾತ್ರ ಚಾಲೂ. ಒಳ್ಳೆಯ ಕಾರು, ದೊಡ್ಡ ಸದ್ದೇನಿಲ್ಲ. ಆದರೆ ಆ ನಿಶ್ಶಬ್ದದಲ್ಲಿ ಅದೊಂದು ದುಂಬಿಯ ಹಾಗೆ ಇಡೀ ರಸ್ತೆಗೆ ಕೇಳುತ್ತಿತ್ತು. ಯಾರೂ ಆ ಕಡೆ ದುರುಗುಟ್ಟಿ ನೋಡಲಿಲ್ಲ. ಐದು ನಿಮಿಷ ಆಗಿರಬೇಕು. ಕಾರಿನ ಸದ್ದು ನಿಂತಿತು, ಗಾಜು ಇಳಿಯಿತು. ಆ ತಾಯಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಇಳಿದು ಗೇಟಿಗೆ ಬಂದರು. ಶರಣಮ್ಮ ಎದ್ದು ನಿಂತಳು, ಏಳಬಾರದು ಅನ್ನುವುದು ನೆನಪಾಗಿ ಮತ್ತೆ ಕೂತಳು. ಆ ತಾಯಿಯೇ ಬಗ್ಗಿ ಏನೋ ಕೇಳಿದರು. ಶರಣಮ್ಮ ನನ್ನ ತರಗತಿಯ ಪಕ್ಕದ ಸಾಮಾನಿನ ಕೋಣೆ ತೋರಿಸಿದಳು. ಅಲ್ಲಿ ಫ್ಯಾನಿತ್ತು, ಬಾಗಿಲಿತ್ತು. ಅಂದಿನಿಂದ ಆ ಕೋಣೆ ಹಾಲೂಡಿಸುವ ತಾಯಂದಿರದ್ದಾಯಿತು.

ಗಂಟೆ ಹೊಡೆದ ಮೇಲೆ ಸದಾನಂದಣ್ಣನ ವ್ಯಾನು ಕರ್ರ್ ಅಂದಿತು. ಶರಣಮ್ಮ ಕೂತೇ ಇದ್ದಳು, ಸ್ಟೂಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ಆಗ ಮುಂದಿನ ಗಾಡಿಯ ಬಾಗಿಲು ತೆರೆಯಿತು, ಅದರ ಮುಂದಿನದ್ದು, ಎದುರು ಸಾಲಿನದ್ದು. ಬಿಳಿ ಗಡ್ಡದ ರಿಕ್ಷಾದವನೂ ಬಂದ. ಹತ್ತು ಹನ್ನೆರಡು ಗಂಡಸರು ವ್ಯಾನಿನ ಹಿಂದೆ ಸೇರಿ ಭುಜ ಕೊಟ್ಟರು. ಅದು ಕಾಗದದ ದೋಣಿಯ ಹಾಗೆ ಹೊರಟಿತು. ಶರಣಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅತ್ತಳೋ ನಕ್ಕಳೋ ಕಿಟಕಿಯಿಂದ ನನಗೆ ಕಾಣಲಿಲ್ಲ. ಮಹಡಿಯ ಮೇಲಿಂದ ಮೋಠ್ಯಾ ಬಾಯಿ ಎಲ್ಲವನ್ನೂ ನೋಡಿದ್ದರು. ನಾನು ಮನೆಗೆ ಹೊರಟಾಗ ಅವರು ಕರೆದು, ಸ್ಟೂಲಿನ ಮಾತು ತಾವು ಆಡಿರಲೇ ಇಲ್ಲ ಅನ್ನುವ ಹಾಗೆ, "ಮೌಶಿಗೆ ಹೇಳಿ, ಮರದ ಕೆಳಗಿನ ಆ ಗಡಿಗೆಗೆ ಮುಚ್ಚಳ ಬೇಕು, ಸ್ಟೋರಿನಿಂದ ತಂದು ಹಾಕಲಿ," ಅಂದರು.

ಸಾನಿಕಾ ಆ ವರ್ಷ ಕಿಟಕಿ ಪಕ್ಕದಲ್ಲೇ ಕೂತು ಪರೀಕ್ಷೆ ಬರೆದಳು. ಫೆಬ್ರವರಿಯಲ್ಲಿ ಒಂದು ಸಲ, ಮಾರ್ಚಿನಲ್ಲಿ ಒಂದು ಸಲ ಪಂಪು ಬೇಕಾಯಿತು. ಟಾಕಿಯ ಹತ್ತಿರ ಓಡುವಂತಾಗಲಿಲ್ಲ. ಉಬ್ಬಸ ಹೋಯಿತು ಅಂತ ನಾನು ಹೇಳಲಾರೆ. ಊರಿನ ಹೊಗೆ ಊರಲ್ಲೇ ಇತ್ತು. ನಮ್ಮ ಕಿಟಕಿಯ ಕಟ್ಟೆ ಮಾತ್ರ ಒರೆಸಿದರೆ ಧೂಳು ಬರುತ್ತಿತ್ತು, ಮಸಿ ಬರುತ್ತಿರಲಿಲ್ಲ.

ಜೂನ್‌ನಲ್ಲಿ ಶಾಲೆ ತೆರೆದಾಗ ಸ್ಟೂಲಿನ ಮೇಲೆ ಬೇರೆ ಯಾರೋ ಇದ್ದರು. ಗುತ್ತಿಗೆ ಬೇರೆಯವರಿಗೆ ಹೋಗಿತ್ತು, ಹಳಬರನ್ನೆಲ್ಲ ಬೇರೆ ಬೇರೆ ಕಡೆ ಹಾಕಿದ್ದರು. ಯಾರ ಮೇಲೂ ದೂರು ಇರಲಿಲ್ಲ, ಯಾರೂ ವಿದಾಯ ಹೇಳಲೂ ಇಲ್ಲ. ಗಾಡಿಗಳು ಬಂದವು, ನಿಂತವು, ಸುಮ್ಮನಿದ್ದವು. ಹೊಸದಾಗಿ ಬಂದ ಡ್ರೈವರಿಗೆ ಹಳಬರೇ ಹೇಳುತ್ತಿದ್ದರು. ನಾನು ಇದ್ದ ಇನ್ನೂ ಮೂರು ವರ್ಷ ಹಾಗೇ ನಡೆಯಿತು.

ಅವಳನ್ನು ಮತ್ತೆ ಕಂಡದ್ದು ಎರಡು ವರ್ಷದ ಮೇಲೆ. ತಮ್ಮನ ಆಫೀಸಿನಿಂದ ಏನೋ ಕಾಗದ ತರಲು ಸಂಜೆ ಐದರ ಹೊತ್ತಿಗೆ ಮಹಾಪೆಗೆ ಹೋಗಿದ್ದೆ. ಗಾಜಿನ ಕಟ್ಟಡಗಳ ನಡುವಿನ ಬಯಲಿನಲ್ಲಿ ಕಂಪನಿಗಳ ಬಸ್ಸುಗಳು ಎರಡು ಸಾಲಿನಲ್ಲಿ ನಿಂತಿದ್ದವು, ಕೆಲಸ ಬಿಟ್ಟವರನ್ನು ಒಯ್ಯಲು. ಎಡದ ಸಾಲು ಸುಮ್ಮನಿತ್ತು. ಬಲದ ಸಾಲು ಗುಡುಗುತ್ತಿತ್ತು. ಎಡದ ಸಾಲಿನ ಕೊನೆಯಲ್ಲಿ ನೀಲಿ ಯೂನಿಫಾರ್ಮ್ ಸೀರೆ ಉಟ್ಟ ಒಂದು ಕಡ್ಡಿಯಂಥ ಮೈ ಬಸ್ಸಿನ ಬಾಗಿಲಿನಲ್ಲಿ ಮುಖ ಎತ್ತಿ ನಿಂತಿತ್ತು. ಹತ್ತಿರ ಹೋಗುವ ಮೊದಲೇ ಅದು ಯಾರೆಂದು ನನಗೆ ತಿಳಿಯಿತು.

"ಅಕ್ಕೋರ!" ಅಂದಳು. ಕೈ ಹಿಡಿದುಕೊಂಡಳು. ಆ ಕೈ ಹಾಗೇ ಒರಟಾಗಿತ್ತು.

"ಇಲ್ಲೂ ಶುರು ಮಾಡಿದ್ಯಾ ಶರಣಮ್ಮ? ಇಲ್ಲಿ ಮಕ್ಕಳಿಲ್ಲವಲ್ಲ."

"ಎದಿ ಎಲ್ಲಾರಿಗೂ ಇರ್ತದಲ್ರಿ," ಅಂದಳು. "ನಾಕ್ ತಿಂಗಳಾತು. ಈ ಸಾಲು ಆಗ್ಯದ. ಆ ಸಾಲು ಉಳದದ." ಕಳೆ ಕೀಳುವವರು ಉಳಿದ ಹೊಲವನ್ನು ನೋಡುವ ಹಾಗೆ ಅವಳು ಬಲದ ಸಾಲನ್ನು ಒಂದು ಸಲ ನೋಡಿದಳು. ಹದಿನೈದಾದರೂ ಬಸ್ಸುಗಳಿದ್ದವು. ಕತ್ತಲಾಗುವುದರೊಳಗೆ ಅವೆಲ್ಲ ಹೊರಟುಬಿಡುತ್ತವೆ, ನಾಳೆ ಮತ್ತೆ ಬರುತ್ತವೆ. ಅವಳು ಸೆರಗು ಸರಿಮಾಡಿಕೊಂಡು ಮೊದಲನೆಯ ಬಸ್ಸಿನ ಕಡೆ ಹೊರಟಳು.

"ನಾನೂ ಬರಲಾ?" ಅಂದೆ. ಯಾಕೆ ಕೇಳಿದೆನೋ ಗೊತ್ತಿಲ್ಲ.

"ಬರ್ರಿ. ನೀವು ಆ ಕಡೀ ತುದಿಯಿಂದ ಹಿಡೀರಿ. ನಾ ಈ ಕಡಿಂದ ಬರ್ತೀನಿ."

ಕೊನೆಯ ಬಸ್ಸಿನವರೆಗೆ ನಡೆದೆ. ಮೊದಲ ದಿನ ತರಗತಿಯ ಬಾಗಿಲಲ್ಲಿ ನಿಂತ ಹಾಗೆ ನಿಂತೆ. ಬಾಗಿಲು ತಟ್ಟಿದೆ. ಬಿಸಿ ಹೊಗೆ ಕಾಲಿಗೆ ಬಡಿಯುತ್ತಿತ್ತು. ಮೇಲಿನ ಕಿಟಕಿಯಿಂದ ಒಬ್ಬ ದಪ್ಪ ಮೀಸೆಯವನು ತಲೆ ಹೊರಗೆ ಹಾಕಿ, "ಕಾಯ್ ಝಾಲಂ ತಾಯಿ?" ಅಂದ, ಏನಾಯ್ತು ಅಕ್ಕಾ ಅಂತ.

"ದಾದಾ," ಅಂದೆ, "ಯಾಕೆ ಚಾಲೂ ಇಟ್ಟಿದ್ದೀರಿ?"

ಅವನು ಬಾಗಿಲು ತೆರೆದು, ಮೆಟ್ಟಿಲಿನ ಮೇಲೆ ಬಂದು ಕೂತು, ಹೇಳಲು ಶುರುಮಾಡಿದ.